ಇಂಗ್ಲಿಷಿನ ವರ್ತಮಾನಕಾಲವೂ ನಮ್ಮ ಕನ್ನಡ ವ್ಯಾಕರಣವೂ

ವಿದ್ಯಾದಾನದ ಸಂಕಲ್ಪದಿಂದ ಮಠಗಳು ನಡೆಸಿಕೊಂಡು ಬಂದಿರುವ ಶಾಲೆಗಳಿಗೆ ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಗಳು ಇಂದು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇಲ್ಲಿ ಇಂಗ್ಲಿಷ್ ಹೇಗೆ ಕಲಿಸುತ್ತೀರಿ?’ ಕನ್ನಡ ಪಂಡಿತನಾದವನು ಈ ಪ್ರಶ್ನೆಗೆ ಮುಖ ಸಿಂಡರಿಸಬೇಕಾದ ಕಾರಣವಿಲ್ಲ. ಆಡಕಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತಣ ಹಳ್ಳಿಗಳಲ್ಲಿ ತೊಗರಿಯ ಹೊಲದಲ್ಲಿಯೂ ಕಲ್ಲಿನ ಗಣಿಯಲ್ಲಿಯೂ ಸಿಮೆಂಟ್ ಕಾರ್ಖಾನೆಯಲ್ಲಿಯೂ ಬೆವರು ಸುರಿಸುವ ಜನ, ತಮ್ಮ ಮಕ್ಕಳು ಅದೇ ಕಾರ್ಖಾನೆಯ ಕಚೇರಿಯೊಳಗೆ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಲೆಂದು ಬಯಸುವುದು ನ್ಯಾಯವಾದ ಬಯಕೆ. ಆ ಕುರ್ಚಿಗೆ ಹೋಗುವ ದಾರಿಯಲ್ಲಿ ಇಂಗ್ಲಿಷಿನ ಬಾಗಿಲು ಒಂದಿದೆಯೆಂಬುದೂ ಸತ್ಯವೇ.

ಆಕ್ಷೇಪಿಸಬೇಕಾದುದು ಆ ಬಯಕೆಯನ್ನು ಪೂರೈಸಲು ಕೆಲವರು ಸೂಚಿಸುತ್ತಿರುವ ಉಪಾಯವನ್ನು. ಕನ್ನಡ ವ್ಯಾಕರಣದ ಅವಧಿಗಳನ್ನು ಕಡಿಮೆ ಮಾಡಿ ಇಂಗ್ಲಿಷಿಗೆ ಕೊಡಬೇಕು, ಇಂಗ್ಲಿಷ್ ತರಗತಿಯಲ್ಲಿ ಒಂದು ಕನ್ನಡ ಶಬ್ದವೂ ಕೇಳಿಸಕೂಡದು, ಮಕ್ಕಳ ಇಂಗ್ಲಿಷ್ ಕೆಡುವುದು ಅವರ ಮಾತೃಭಾಷೆಯ ಅಭ್ಯಾಸದಿಂದಲೇ ಎಂಬ ವಾದ ಶಿಕ್ಷಕರ ಕೊಠಡಿಗಳಲ್ಲಿಯೂ ದಾನಿಗಳ ಸಭೆಗಳಲ್ಲಿಯೂ ಕೇಳಿಬರುತ್ತಿದೆ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇಕಡಾ 42ರ ಆಸುಪಾಸಿನ ಫಲಿತಾಂಶದೊಡನೆ ರಾಜ್ಯದಲ್ಲಿ ಕಡೆಯ ಸ್ಥಾನಕ್ಕೆ ಬಂದ ಮೇಲಂತೂ ಇಂಥ ಉಪಾಯಗಳಿಗೆ ಬಲ ಬಂದಿದೆ. ಈ ವಾದ ನಿಲ್ಲುವುದೋ ಬೀಳುವುದೋ ಎಂಬುದನ್ನು ಪರೀಕ್ಷಿಸಲು ಒಂದೇ ಒಂದು ಪಾಠವನ್ನು ಎತ್ತಿಕೊಳ್ಳೋಣ. ನಮ್ಮ ಮಕ್ಕಳು ಅತಿ ಹೆಚ್ಚು ಎಡವುವ ಆ ಪಾಠ ಇಂಗ್ಲಿಷಿನ ವರ್ತಮಾನಕಾಲದ ಕ್ರಿಯಾಪದ.

ವರ್ತಮಾನವೆಂದರೇನು? ‘ಈಗ ನಡೆಯುತ್ತಿರುವುದು’ ಎಂದು ಎಂಟನೆಯ ತರಗತಿಯ ವಿದ್ಯಾರ್ಥಿ ಥಟ್ಟನೆ ಹೇಳಿಯಾನು. ಆದರೆ ಈ ಉತ್ತರ ಸಾಲದೆಂಬುದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪತಂಜಲಿ ಮುನಿಗಳು ತಮ್ಮ ಮಹಾಭಾಷ್ಯದಲ್ಲಿ ಚರ್ಚಿಸಿದ್ದಾರೆ. ಪರ್ವತಗಳು ನಿಂತಿವೆ, ನದಿಗಳು ಹರಿಯುತ್ತವೆ ಎಂಬಂಥ ನಿತ್ಯವಾದ ಸಂಗತಿಗಳಿಗೂ, ತೊಡಗಿ ಇನ್ನೂ ಮುಗಿಯದಿರುವ ಕೆಲಸಗಳಿಗೂ ಒಂದೇ ವರ್ತಮಾನರೂಪ ಹೇಗೆ ಸಲ್ಲುತ್ತದೆಂಬುದು ಅಲ್ಲಿಯ ವಿಚಾರ. ಶಿಷ್ಯರು ನಡುವೆ ಎದ್ದು ಊಟ ಮಾಡಿದ ಮಾತ್ರಕ್ಕೆ ‘ಇಲ್ಲಿ ಅಧ್ಯಯನ ಮಾಡುತ್ತೇವೆ’ ಎಂಬ ಮಾತು ಸುಳ್ಳಾಗುವುದಿಲ್ಲ. ಅದೇ ಪ್ರಸಂಗದಲ್ಲಿ ಪುಷ್ಯಮಿತ್ರನಿಗೆ ಯಜ್ಞ ಮಾಡಿಸುವ ಮಾತು ವರ್ತಮಾನಕಾಲದಲ್ಲಿ ಬಂದಿರುವುದನ್ನು ಹಿಡಿದೇ ವಿದ್ವಾಂಸರು ಪತಂಜಲಿಯ ಕಾಲವನ್ನು ಕ್ರಿಸ್ತಪೂರ್ವ 2ನೆಯ ಶತಮಾನವೆಂದು ನಿರ್ಣಯಿಸಿರುವರು. ಒಂದು ಕ್ರಿಯಾಪದದ ಕಾಲ ಒಬ್ಬ ಮಹರ್ಷಿಯ ಕಾಲವನ್ನೇ ತಿಳಿಸಿಕೊಟ್ಟಿತು! ಕಾಲವಿವೇಕ ಅಷ್ಟು ಬೆಲೆಯುಳ್ಳದ್ದು.

ಸಂಸ್ಕೃತವು ಒಂದೇ ರೂಪದಲ್ಲಿ ಅಡಗಿಸಿದ ಈ ಎರಡು ಅರ್ಥಗಳನ್ನು ಇಂಗ್ಲಿಷ್ ಎರಡು ರೂಪಗಳಾಗಿ ಬೇರ್ಪಡಿಸಿದೆ. ನಿತ್ಯವಾದದ್ದಕ್ಕೆ, ರೂಢಿಯಾದದ್ದಕ್ಕೆ, ಸ್ಥಿತಿಗೆ ಸರಳರೂಪ. ಈ ಹೊತ್ತಿನಲ್ಲಿ ನಡೆದಿರುವ, ಇನ್ನೂ ಮುಗಿಯದ ಕೆಲಸಕ್ಕೆ ‘ಇಂಗ್’ ಪ್ರತ್ಯಯದ ರೂಪ. ಕಾಗಿಣಾ ನದಿ ಭೀಮೆಯನ್ನು ಸೇರುತ್ತದೆ ಎಂಬುದು ನಿತ್ಯಸಂಗತಿ. ಆದುದರಿಂದ ‘ದ ಕಾಗಿಣಾ ಜಾಯಿನ್ಸ್ ದ ಭೀಮಾ’ ಎನ್ನಬೇಕು. ‘ಈಸ್ ಜಾಯಿನಿಂಗ್’ ಎಂದರೆ ಇಂದು ಸೇರುತ್ತಿದೆ, ನಾಳೆ ಹೇಗೋ ಎಂಬ ಧ್ವನಿ ಬರುತ್ತದೆ. ವಾಡಿ ಜಂಕ್ಷನ್ನಿನ ವೇಳಾಪಟ್ಟಿಯಲ್ಲಿ ಗಾಡಿ ಇಷ್ಟು ಗಂಟೆಗೆ ‘ಲೀವ್ಸ್’. ಆದರೆ ಕಣ್ಣೆದುರಿಗೆ ಕದಲುತ್ತಿರುವ ಗಾಡಿ ‘ಈಸ್ ಲೀವಿಂಗ್’.

ಈ ಭೇದ ನಮ್ಮ ಮಕ್ಕಳಿಗೆ ಅಪರಿಚಿತವೆ? ಎಷ್ಟು ಮಾತ್ರಕ್ಕೂ ಅಲ್ಲ. ಗ್ರಾಂಥಿಕ ಕನ್ನಡದಲ್ಲಿ ‘ಮಾಡುತ್ತಾನೆ’ ಬೇರೆ, ‘ಮಾಡುತ್ತಿದ್ದಾನೆ’ ಬೇರೆ. ಎರಡನೆಯದನ್ನು ಬಿಡಿಸಿದರೆ ‘ಮಾಡುತ್ತ’, ‘ಇದ್ದಾನೆ’ ಎಂಬ ಎರಡು ಅಂಗಗಳು ದೊರೆಯುತ್ತವೆ. ‘ಡೂಯಿಂಗ್’ ಎಂಬುದು ಮಾಡುತ್ತ. ‘ಈಸ್’ ಎಂಬುದು ಇದ್ದಾನೆ. ಅಂಗಕ್ಕೆ ಅಂಗ ಸರಿಹೊಂದುವ ಇಂಥ ಸಾದೃಶ್ಯ ದೂರದ ಎರಡು ಭಾಷೆಗಳಲ್ಲಿ ದೊರಕುವುದೇ ಅಪರೂಪ. ಇನ್ನು ನಮ್ಮ ಸೇಡಂ ಸೀಮೆಯ ಆಡುನುಡಿಯನ್ನು ಆಲಿಸಿರಿ. ಅಜ್ಜಿಯೊಬ್ಬಳು ‘ನಮ್ಮ ಹುಡುಗ ಜ್ವಾಳದ ರೊಟ್ಟಿ ಉಣ್ತಾನ’ ಎಂದರೆ ಅದು ಅವನ ರೂಢಿ. ‘ರೊಟ್ಟಿ ಉಣ್ಣಲಾಕತ್ತಾನ’ ಎಂದರೆ ಈಗ ತಾಟಿನ ಮುಂದೆ ಕುಳಿತಿದ್ದಾನೆ ಎಂದರ್ಥ. ‘ಉಣ್ಣಲಿಕ್ಕೆ ಹತ್ತಿದ್ದಾನೆ’ ಎಂಬುದೇ ಸವೆದು ಹೀಗಾಗಿದೆ. ಅಕ್ಷರವರಿಯದ ಅಜ್ಜಿಯೂ ಈ ಎರಡನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಆಡಳು.

ಗಡಿನಾಡಿನ ನಮ್ಮ ಮಕ್ಕಳ ಕಿವಿಗೆ ಬೀಳುವುದು ಕನ್ನಡವೊಂದೇ ಅಲ್ಲ. ಪೂರ್ವಕ್ಕೆ ತೆಲಂಗಾಣವಿದೆ, ತೆಲುಗಿನಲ್ಲಿ ‘ಚೇಸ್ತಾಡು’ ಬೇರೆ, ‘ಚೇಸ್ತುನ್ನಾಡು’ ಬೇರೆ. ನಿಜಾಮರ ಆಳ್ವಿಕೆಯ ಕಾಲದಿಂದ ಪೇಟೆಯಲ್ಲಿ ನೆಲೆನಿಂತ ಉರ್ದುವಿನಲ್ಲಿ ‘ಕರ್ತಾ ಹೈ’ ಬೇರೆ, ‘ಕರ್ ರಹಾ ಹೈ’ ಬೇರೆ. ಮೂರು ಭಾಷೆಗಳಲ್ಲಿ ಬಲ್ಲ ಭೇದವನ್ನು ನಾಲ್ಕನೆಯದರಲ್ಲಿ ಮಗು ಕಳೆದುಕೊಳ್ಳುವುದೇಕೆಂಬುದೇ ವಿಚಾರಾರ್ಹವಾದ ಪ್ರಶ್ನೆ.

‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬುಲಕ್ಸ್’ ಎಂಬ ವಾಕ್ಯಗಳನ್ನು ಉತ್ತರಪತ್ರಿಕೆಗಳಲ್ಲಿ ಕಾಣದ ಶಿಕ್ಷಕರಿಲ್ಲ. ಇದು ಕನ್ನಡದ ಪ್ರಭಾವವೆಂದು ತೀರ್ಪು ಕೊಡುವುದು ಸುಲಭ. ಆದರೆ ಕನ್ನಡದ ಯಾವ ಮಗು ‘ನನ್ನ ಹತ್ತಿರ ಎರಡು ಎತ್ತುಗಳು ಇರುತ್ತಿವೆ’ ಎಂದಿದೆ? ‘ಎರಡು ಎತ್ತು ಅವ’ ಎಂದೇ ಅದು ಹೇಳುವುದು. ‘ನನಗೆ ಗೊತ್ತಿದೆ’ ಎಂಬಲ್ಲಿಯೂ ‘ಉತ್ತ’ ಪ್ರತ್ಯಯದ ಸುಳಿವಿಲ್ಲ. ಸ್ಥಿತಿಯನ್ನು ಹೇಳುವಾಗ ನಡೆಯುತ್ತಿರುವ ಕೆಲಸದ ರೂಪವನ್ನು ಬಳಸಕೂಡದೆಂಬ ನಿಯಮವನ್ನು ಇಲ್ಲಿ ಕನ್ನಡವೂ ಪಾಲಿಸುತ್ತದೆ. ‘ಗೊತ್ತಿದೆ’ ಎಂಬುದರ ಕೊನೆಯ ‘ಇದೆ’ಯನ್ನು ಕಂಡು ಮಗು ‘ಈಸ್’, ‘ಆಮ್’ಗಳತ್ತ ಜಾರುವುದುಂಟು, ನಿಜ. ಆದರೆ ‘ಇಂಗ್’ ಎಲ್ಲಿಂದ ಬಂದಿತು? ಬಾಗಿಲಿನತ್ತ ನಡೆದು ‘ಐ ಆಮ್ ವಾಕಿಂಗ್’, ಪುಸ್ತಕ ತೆರೆದು ‘ಐ ಆಮ್ ಓಪನಿಂಗ್’ ಎಂದು ಅಭಿನಯಪೂರ್ವಕವಾಗಿ ಮೊದಲ ಪಾಠಗಳನ್ನು ಕಲಿಸುವಾಗ, ಈ ರೂಪ ಎಲ್ಲಿ ಸಲ್ಲದೆಂಬುದನ್ನು ಹೇಳದೆ ಬಿಟ್ಟುದರಿಂದ ಬಂದಿತು. ಅಭಿನಯಿಸಿ ತೋರಿಸಬಹುದಾದ ನಡೆ, ಓಡು, ತೆರೆ ಎಂಬ ಧಾತುಗಳಿಗೆ ಹೊಂದುವ ಕೋಷ್ಟಕವನ್ನು ಅರಿ, ನಂಬು, ಬೇಕಾಗು, ಸೇರಿರು ಎಂಬವುಗಳಿಗೂ ಮಗು ತೊಡಿಸಿತು. ತಪ್ಪು ಕೋಷ್ಟಕದ್ದು, ಅಪವಾದ ಹೊತ್ತದ್ದು ಕನ್ನಡ.

ಇದನ್ನು ತಿದ್ದಲು ಕನ್ನಡವೇ ಒಂದು ಸುಲಭ ಸೂತ್ರವನ್ನು ಕೊಡುತ್ತದೆ. ‘ಇದ್ದಾನೆ, ಇದೆ’ಗಳ ಹಿಂದೆ ‘ಉತ್ತ’ ಇದ್ದರೆ ಇಂಗ್ಲಿಷಿನಲ್ಲಿ ‘ಇಂಗ್’. ಇಲ್ಲದಿದ್ದರೆ ಸಾಮಾನ್ಯವಾಗಿ ಇಲ್ಲ. ಇದಕ್ಕೆ ಅಪವಾದಗಳುಂಟು. ಕುಳಿತಿದ್ದಾನೆ, ನಿಂತಿದ್ದಾನೆ, ಮಲಗಿದ್ದಾನೆ ಎಂಬ ಭಂಗಿಗಳನ್ನು ಹೇಳುವ ಮಾತುಗಳಲ್ಲಿ ‘ಉತ್ತ’ ಇಲ್ಲದಿದ್ದರೂ ಇಂಗ್ಲಿಷ್ ‘ಸಿಟಿಂಗ್, ಸ್ಟ್ಯಾಂಡಿಂಗ್, ಸ್ಲೀಪಿಂಗ್’ ಎನ್ನುತ್ತದೆ. ಇವನ್ನು ಬೇರೆಯಾಗಿ ಬಾಯಿಪಾಠ ಮಾಡಿಸಿದರಾಯಿತು.

ಮಾತೃಭಾಷೆಯ ಎಳೆತ ನಿಜವಾಗಿ ಇರುವ ಸ್ಥಳಗಳು ಬೇರೆ. ಅವನ್ನೂ ಮುಚ್ಚಿಡದೆ ಹೇಳಬೇಕು. ಏಕೆಂದರೆ ಅವು ಕನ್ನಡ ಬಲ್ಲವನಿಗೆ ಮಾತ್ರ ಕಾಣಿಸುತ್ತವೆ.

ಮೊದಲನೆಯದು ಪ್ರಥಮಪುರುಷ ಏಕವಚನದ ಕೊನೆಗೆ ಹತ್ತುವ ‘ಸ್’. ಕನ್ನಡದ ಕ್ರಿಯಾಪದ ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತೀಯೆ, ಮಾಡುತ್ತೀರಿ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ, ಮಾಡುತ್ತವೆ ಎಂದು ಒಂಬತ್ತು ಬಗೆಯ ಆಖ್ಯಾತಪ್ರತ್ಯಯಗಳನ್ನು ಧರಿಸುತ್ತದೆ. ಇಂಗ್ಲಿಷಿಗೂ ಹಿಂದೆ ಇಂಥ ಹಲವು ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವೆಲ್ಲ ಉದುರಿ ‘ಸ್’ ಒಂದೇ ಉಳಿದಿದೆ. ಒಂಬತ್ತನ್ನು ತಾಯಿಯ ಮಡಿಲಲ್ಲೇ ಕಲಿತವನಿಗೆ ಒಂದು ಕಷ್ಟವೇ? ಆದರೂ ಎಡವುತ್ತಾನೆ. ಕಾರಣಗಳಲ್ಲಿ ಒಂದು ನಮ್ಮ ಸಂಸ್ಕಾರ. ‘ಪೂಜ್ಯರು ದಿನವೂ ಲಿಂಗಪೂಜೆ ಮಾಡುತ್ತಾರೆ’ ಎಂದು ಬಹುವಚನದಲ್ಲಿ ಗೌರವ ಸಲ್ಲಿಸುವ ಮಗು, ಸ್ವಾಮೀಜಿಯವರ ವಿಷಯ ಬರೆಯುವಾಗ ‘ಡಸ್’ ಬಿಟ್ಟು ‘ಡೂ’ ಎಂದು ಬರೆಯುತ್ತದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಗೌರವಾರ್ಥಕ ಬಹುವಚನವಿಲ್ಲ, ಒಬ್ಬರು ಎಷ್ಟೇ ಹಿರಿಯರಾದರೂ ಒಬ್ಬರೇ, ‘ಸ್’ ಹಚ್ಚಿದರೆ ಅಗೌರವವಾಗುವುದಿಲ್ಲ ಎಂದು ಯಾರಾದರೂ ಒಮ್ಮೆ ಹೇಳಬೇಕಲ್ಲವೆ? ನಾಮಪದಕ್ಕೆ ‘ಸ್’ ಬಂದರೆ ಬಹುವಚನ, ಕ್ರಿಯಾಪದಕ್ಕೆ ಬಂದರೆ ಏಕವಚನ ಎಂಬುದೂ ಮಗುವನ್ನು ದಿಗ್ಭ್ರಮೆಗೊಳಿಸುತ್ತದೆ. ‘ಬಾಯ್ ಗೋಸ್’, ‘ಬಾಯ್ಸ್ ಗೋ’: ವಾಡಿಕೆಯ ವಾಕ್ಯಗಳಲ್ಲಿ ‘ಸ್’ ಒಂದೇ ಕಡೆ ಇರುತ್ತದೆ, ಇತ್ತ ಇದ್ದರೆ ಅತ್ತ ಇಲ್ಲ ಎಂದು ಹೇಳಿಕೊಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಎರಡನೆಯದು ನಿಷೇಧರೂಪ. ‘ಹೀ ಡೋಂಟ್ ಗೋ’ ಎಂಬ ತಪ್ಪಿನ ಮೂಲ ಕನ್ನಡದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಾನು ಹೋಗುವುದಿಲ್ಲ, ನೀನು ಹೋಗುವುದಿಲ್ಲ, ಅವನು ಹೋಗುವುದಿಲ್ಲ, ಅವರು ಹೋಗುವುದಿಲ್ಲ. ಹೋಗೆನು, ಹೋಗನು, ಹೋಗರು ಎಂಬ ನಿಷೇಧರೂಪಗಳು ಬಳಕೆಯಿಂದ ಸರಿದ ಮೇಲೆ ನಮ್ಮ ‘ಇಲ್ಲ’ ಪುರುಷಭೇದವನ್ನೂ ವಚನಭೇದವನ್ನೂ ಎಣಿಸುವುದಿಲ್ಲ. ಇಂಗ್ಲಿಷಿನ ‘ಇಲ್ಲ’ ಮಾತ್ರ ಎಣಿಸುತ್ತದೆ. ಕ್ರಿಯಾಪದದ ಬಾಲದಲ್ಲಿದ್ದ ‘ಸ್’ ಎದ್ದು ಬಂದು ‘ಡೂ’ವನ್ನು ‘ಡಸ್’ ಮಾಡುತ್ತದೆ. ಬಿಟ್ಟುಬಂದ ಸ್ಥಳದಲ್ಲಿ ಮತ್ತೆ ಉಳಿಯುವುದಿಲ್ಲ. ಆದುದರಿಂದ ‘ಡಸ್ ನಾಟ್ ಗೋ’ ಸರಿ, ‘ಡಸ್ ನಾಟ್ ಗೋಸ್’ ತಪ್ಪು.

ಮೂರನೆಯದು ‘ನಾಳೆ ಬರುತ್ತೇನೆ’ ಎಂಬಂಥ ಮಾತು. ಭವಿಷ್ಯತ್ಕಾಲಕ್ಕೆ ‘ಬರುವೆನು’ ಎಂಬ ರೂಪವಿದ್ದರೂ ಅದು ಪುಸ್ತಕಕ್ಕೆ ಮೀಸಲಾಗಿ, ವರ್ತಮಾನವೇ ಭವಿಷ್ಯದ ಹೊರೆಯನ್ನೂ ಹೊರುತ್ತಿದೆ. ಇದರಿಂದ ‘ಟುಮಾರೋ ಐ ಕಮ್’ ಹುಟ್ಟುತ್ತದೆ. ನಮ್ಮ ‘ಬರುತ್ತೇನೆ’ಯಲ್ಲಿ ರೂಢಿ, ಸಂಕಲ್ಪ ಎಂಬ ಎರಡು ಅರ್ಥಗಳಿವೆ, ರೂಢಿಗೆ ‘ಕಮ್’, ಸಂಕಲ್ಪಕ್ಕೆ ‘ವಿಲ್ ಕಮ್’ ಎಂದು ಮಗು ಮೊದಲು ಕನ್ನಡದಲ್ಲಿಯೇ ವಿಂಗಡಿಸಲು ಕಲಿಯಬೇಕು.

ನಾಲ್ಕನೆಯದು ‘ಹತ್ತು ವರ್ಷಗಳಿಂದ ಇಲ್ಲಿದ್ದೇನೆ’ ಎಂಬುದು. ಇಲ್ಲಿ ನಮಗೆ ವರ್ತಮಾನರೂಪವೂ ‘ಇಂದ’ ಪ್ರತ್ಯಯವೂ ಸಾಕು. ಇಂಗ್ಲಿಷಿಗೆ ಸಾಲದು. ಅದು ಹಿಂದೆ ತೊಡಗಿ ಇಂದಿನವರೆಗೆ ಬಂದುದನ್ನು ‘ಹ್ಯಾವ್ ಬೀನ್’ ಎಂದು ಹೇಳುತ್ತದೆ. ನಮ್ಮ ಒಂದು ‘ಇಂದ’ವನ್ನು, ಅವಧಿಯಾದರೆ ‘ಫಾರ್’, ಆರಂಭಬಿಂದುವಾದರೆ ‘ಸಿನ್ಸ್’ ಎಂದು ಎರಡಾಗಿ ಸೀಳುತ್ತದೆ. ಇಲ್ಲಿಯೂ ಕನ್ನಡ ಕೈಕೊಡುವುದಿಲ್ಲ. ‘ಬಂದಿದ್ದಾನೆ’ ಎಂಬುದನ್ನು ‘ಬಂದು ಇದ್ದಾನೆ’ ಎಂದು ಬಿಡಿಸಿ ತೋರಿಸಿದರೆ, ಮುಗಿದ ಕೆಲಸವೊಂದು ವರ್ತಮಾನದ ಹೆಗಲ ಮೇಲೆ ಕುಳಿತಿರುವುದು ಮಗುವಿಗೆ ಕಾಣುತ್ತದೆ. ‘ಹ್ಯಾಸ್ ಕಮ್’ ಎಂಬುದರ ಮರ್ಮ ತಾನಾಗಿ ತಿಳಿಯುತ್ತದೆ.

ಈ ವಿವರಗಳಿಂದ ಸಿದ್ಧವಾಗುವುದೇನು? ಒಂದು ಬಗೆಯ ತಪ್ಪು ಕನ್ನಡವನ್ನು ಮರೆತದ್ದರಿಂದ ಹುಟ್ಟುತ್ತದೆ. ಇನ್ನೊಂದು ಬಗೆಯದು ಕನ್ನಡವನ್ನು ಅರಿಯದೆ ಅನುಸರಿಸಿದ್ದರಿಂದ ಹುಟ್ಟುತ್ತದೆ. ಎರಡಕ್ಕೂ ಮದ್ದು ಕನ್ನಡ ವ್ಯಾಕರಣದ ತಿಳಿವಳಿಕೆಯೇ. ಆ ಅವಧಿಗಳನ್ನು ಕಿತ್ತು ಇಂಗ್ಲಿಷಿಗೆ ಕೊಡುವುದು ಬಿತ್ತುವ ಬೀಜವನ್ನು ಕುಟ್ಟಿ ಹಿಟ್ಟು ಮಾಡಿದಂತಾದೀತು.

ಇಂಗ್ಲಿಷಿನ ವಿಷಯಕ್ಕೆ ಕನ್ನಡ ಪಂಡಿತರಿಗೇನು ಅಧಿಕಾರವೆಂದು ಕೆಲವರು ಕೇಳಬಹುದು. ಕನ್ನಡ ವ್ಯಾಕರಣದ ಪರಂಪರೆ ಎಂದೂ ಏಕಾಂಗಿಯಾಗಿ ಬೆಳೆದದ್ದಲ್ಲ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಸಂಸ್ಕೃತ ಕನ್ನಡಗಳು ಎಲ್ಲಿ ಕೂಡಬೇಕು, ಎಲ್ಲಿ ಕೂಡಬಾರದು ಎಂಬುದನ್ನು ಎದುರುಬದುರಿಟ್ಟು ವಿಚಾರಿಸಿತು. 13ನೆಯ ಶತಮಾನದ ಕೇಶಿರಾಜ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಹಿಡಿದೂ, ಗಮಕಸಮಾಸ, ಶ್ರುತಿಸಹ್ಯಸಂಧಿ ಮೊದಲಾದ ಕನ್ನಡದ ವಿಶೇಷಗಳನ್ನು ಬೇರೆಯಾಗಿ ಎಣಿಸಿ ತೋರಿಸಿದನು. 1604ರಲ್ಲಿ ಭಟ್ಟಾಕಳಂಕದೇವ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿಯೇ ರಚಿಸಿದನು. ಜರ್ಮನಿಯಿಂದ ಬಂದ ಕಿಟೆಲ್ ಮಹಾಶಯರು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನೂ ಹೊರತಂದರು. ಒಂದು ಭಾಷೆಯನ್ನು ಇನ್ನೊಂದರ ಬೆಳಕಿನಲ್ಲಿ ನೋಡುವುದು ನಮ್ಮ ಹಿರಿಯರು ಹಾಕಿಕೊಟ್ಟ ಹೆದ್ದಾರಿ.

ಇನ್ನು ಕೆಲವರು, ಭಾರತೀಯರ ಇಂಗ್ಲಿಷ್ ಹೀಗೆಯೇ ಇರುತ್ತದೆ, ತಿದ್ದುವುದೇಕೆ ಎನ್ನುತ್ತಾರೆ. ಭಾಷೆ ಬದಲಾಗುವುದು ಅದರ ಧರ್ಮವೆಂಬುದನ್ನು ಹಳಗನ್ನಡದ ‘ಮಾಡಿದಪಂ’ ಎಂಬ ವರ್ತಮಾನರೂಪ ಹೋಗಿ ‘ಮಾಡುತ್ತಾನೆ’ ಬಂದುದನ್ನು ಓದಿದವರು ಒಪ್ಪದಿರಲಾರರು. ಆದರೆ ಲೋಕ ಈ ತಪ್ಪನ್ನು ಕಂಡು ನಗುತ್ತದೆ. ನಿಸ್ಸೀಮ್ ಎಜೆಕಿಯೆಲ್ ಅವರ 1976ರ ‘ಹಿಮ್ಸ್ ಇನ್ ಡಾರ್ಕ್‌ನೆಸ್’ ಸಂಕಲನದಲ್ಲಿರುವ ಮಿಸ್ ಪುಷ್ಪಾ ಅವರ ಬೀಳ್ಕೊಡುಗೆಯ ಕವಿತೆ ನಗೆಯೆಬ್ಬಿಸುವುದು ಬಹುಮಟ್ಟಿಗೆ ಈ ‘ಇಂಗ್’ ರೂಪದ ಅತಿಬಳಕೆಯಿಂದಲೇ. ಕವಿತೆಯಲ್ಲಿ ನಕ್ಕರೆ ವಿನೋದ. ಸಂದರ್ಶನದ ಮೇಜಿನ ಆಚೆ ಕುಳಿತವರು ನಕ್ಕರೆ ಬಡವನ ಮಗನ ಅನ್ನ ಹೋಗುತ್ತದೆ. ಆ ನಗೆಗೆ ನಮ್ಮ ಮಕ್ಕಳನ್ನು ಒಪ್ಪಿಸುವ ಹಕ್ಕು ನಮಗಿಲ್ಲ. ಅದಕ್ಕಿಂತ ಕ್ರೂರವಾದುದು ನಮ್ಮ ತರಗತಿಯೊಳಗಣ ನಗೆ. ‘ಉಣ್ಣಲಾಕತ್ತಾನ’ ಎಂದ ಮಗುವನ್ನು ಕನ್ನಡದ ಶಿಕ್ಷಕರು ಗ್ರಾಮ್ಯವೆಂದು ನಗುತ್ತಾರೆ. ‘ಐ ಆಮ್ ನೋಯಿಂಗ್’ ಎಂದಾಗ ಇಂಗ್ಲಿಷಿನ ಶಿಕ್ಷಕರು ನಗುತ್ತಾರೆ. ಎರಡು ಕಡೆಯೂ ನಗೆಗೀಡಾದ ಮಗು ಬಾಯಿ ಮುಚ್ಚುತ್ತದೆ. ಮುಚ್ಚಿದ ಬಾಯಿಗೆ ಯಾವ ವ್ಯಾಕರಣವೂ ರುಚಿಸದು. ಬರವಣಿಗೆಯಲ್ಲಿ ಶಿಷ್ಟರೂಪವನ್ನೇ ಕಲಿಸೋಣ. ಆದರೆ ಮನೆಯ ನುಡಿಯಲ್ಲಿ ಅಡಗಿರುವ ಕಾಲವಿವೇಕವನ್ನು ಮೊದಲು ಎತ್ತಿ ತೋರಿಸಿ ‘ನಿನಗೆ ಇದು ಗೊತ್ತೇ ಇದೆ’ ಎಂದು ಧೈರ್ಯ ಹೇಳೋಣ.

ಆದುದರಿಂದ ಕೆಲವು ವಿಜ್ಞಾಪನೆಗಳು. ಉಪಾಧ್ಯಾಯ ಬಂಧುಗಳಲ್ಲಿ: ಎಂಟರಿಂದ ಹತ್ತನೆಯ ತರಗತಿಯವರೆಗೆ ತಿಂಗಳಿಗೆ ಒಂದು ಅವಧಿಯನ್ನಾದರೂ ಕನ್ನಡ, ಇಂಗ್ಲಿಷ್ ಅಧ್ಯಾಪಕರು ಒಟ್ಟಿಗೆ ನಿಂತು ನಡೆಸಲಿ. ಕರಿಹಲಗೆಯ ನಡುವೆ ಗೆರೆಯೆಳೆದು ಒಂದು ಕಡೆ ‘ಉಣ್ತಾನ, ಉಣ್ಣುತ್ತಾನೆ’, ಇನ್ನೊಂದು ಕಡೆ ‘ಉಣ್ಣಲಾಕತ್ತಾನ, ಉಣ್ಣುತ್ತಿದ್ದಾನೆ’ ಎಂದು ಬರೆದು, ಅವುಗಳ ಕೆಳಗೆ ಇಂಗ್ಲಿಷ್ ರೂಪಗಳನ್ನು ಮಕ್ಕಳಿಂದಲೇ ಬರೆಯಿಸಲಿ. ಉತ್ತರಪತ್ರಿಕೆಯಲ್ಲಿ ಕಂಡ ತಪ್ಪಿಗೆ ಕೆಂಪು ಗೆರೆ ಎಳೆಯುವುದರ ಜೊತೆಗೆ, ಅದು ಕನ್ನಡದಿಂದ ಬಂದುದೋ ಕೋಷ್ಟಕದಿಂದ ಬಂದುದೋ ಎಂದು ಗುರುತಿಸುವ ರೂಢಿ ಬೆಳೆಯಲಿ.

ಹಳೆಯ ವಿದ್ಯಾರ್ಥಿಗಳಲ್ಲಿ: ತಾವು ಹೈದರಾಬಾದು, ಬೆಂಗಳೂರು, ಪುಣೆಗಳಲ್ಲಿ ಇಂಗ್ಲಿಷಿನಲ್ಲಿಯೇ ವ್ಯವಹರಿಸುವವರು. ಊರಿಗೆ ಬಂದಾಗ ಒಂದು ದಿನ ಶಾಲೆಗೆ ಬಂದು, ಕನ್ನಡ ಮಾಧ್ಯಮದಲ್ಲಿ ಓದಿದವರೂ ಈ ಭಾಷೆಯನ್ನು ಶುದ್ಧವಾಗಿ ಆಡಬಲ್ಲರೆಂಬುದನ್ನು ಮಕ್ಕಳಿಗೆ ತೋರಿಸಿಕೊಡಬೇಕು.

ದಾನಿಗಳಲ್ಲಿ: ಕಟ್ಟಡಕ್ಕೆ ಕೊಟ್ಟ ಕೈಗಳು ಪುಸ್ತಕಕ್ಕೂ ಕೊಡಲಿ. ಪ್ರತಿ ತರಗತಿಗೆ ಒಂದು ಒಳ್ಳೆಯ ಕನ್ನಡ ವ್ಯಾಕರಣ, ಒಂದು ಇಂಗ್ಲಿಷ್ ವ್ಯಾಕರಣ, ಎರಡು ಭಾಷೆಗಳ ನಿಘಂಟು, ಇಷ್ಟಕ್ಕೆ ಆಗುವ ವೆಚ್ಚ ಒಂದು ಕೋಣೆಗೆ ಶಹಾಬಾದ್ ಕಲ್ಲು ಹಾಸಿಸುವುದಕ್ಕಿಂತ ಕಡಿಮೆ. ಕನ್ನಡದ ಅವಧಿಗಳನ್ನು ತೆಗೆಯಬೇಕೆಂಬ ಷರತ್ತಿನೊಡನೆ ಬರುವ ಸಹಾಯವನ್ನು ಆಡಳಿತ ಮಂಡಳಿಯವರು ವಿನಯದಿಂದ ನಿರಾಕರಿಸಲಿ.

ಮಠದ ಶಾಲೆ ಹುಟ್ಟಿದ್ದು ಅನ್ನದ ಜೊತೆಗೆ ಅಕ್ಷರವನ್ನೂ ಭೇದವೆಣಿಸದೆ ನೀಡಲೆಂದು. ಬಸವಾದಿ ಶರಣರು 12ನೆಯ ಶತಮಾನದಲ್ಲಿ ಜನರ ನುಡಿಯನ್ನೇ ಅನುಭಾವದ ನುಡಿಯನ್ನಾಗಿ ಮಾಡಿದರು. ಆ ನುಡಿಯನ್ನು ಕೀಳೆಂದು ಬಗೆದವರಲ್ಲ. ಅವರ ಹೆಸರು ಹೇಳಿ ನಡೆಯುವ ಶಾಲೆಯಲ್ಲಿ ಮಗು ತನ್ನ ಮಾತಿಗೆ ನಾಚಿಕೊಂಡು ಪರಭಾಷೆಯನ್ನು ಕಲಿಯುವಂತಾಗಬಾರದು. ಇಂಗ್ಲಿಷನ್ನು ಚೆನ್ನಾಗಿ ಕಲಿಸೋಣ, ತಪ್ಪಿಲ್ಲದಂತೆ ಕಲಿಸೋಣ, ಕನ್ನಡದ ಮೂಲಕವೇ ಕಲಿಸೋಣ.